ಮಲಿಕಾಬಿಯವರು ಮತ್ತು ಗುರುವಾರದ ಗುಳಿಗೆಗಳು

ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಯನ್ನು ಕುರಿತು ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನದ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಬರೆದರೆ ಅದರಲ್ಲಿ ವೈದ್ಯರ ಹೆಸರಿರುತ್ತದೆ, ಔಷಧದ ಹೆಸರಿರುತ್ತದೆ, ಸಾಲುಸಾಲಾಗಿ ಕೋಷ್ಟಕಗಳಿರುತ್ತವೆ. ಆ ಕೋಷ್ಟಕದ ಒಂದೊಂದು ಅಂಕಿಗಾಗಿ ನವಲಗುಂದ ತಾಲೂಕಿನ ಎರಿ ಮಣ್ಣನ್ನು ಚಪ್ಪಲಿಗೆ ಮೆತ್ತಿಸಿಕೊಂಡು ಅಲೆದ ನರ್ಸಿನ ಹೆಸರು ಮಾತ್ರ ಇರಲಾರದು. ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಮುಗಿಸಿ ಬರುವ ಮೇ ತಿಂಗಳ ಕೊನೆಗೆ ನಿವೃತ್ತರಾಗಲಿರುವ ಶ್ರೀಮತಿ ಮಲಿಕಾಬಿಯವರಿಗೆ ಈ ಸಂಪುಟವನ್ನು ಅರ್ಪಿಸುತ್ತಿರುವುದಕ್ಕೆ ಅದೂ ಒಂದು ಕಾರಣ. ಇಂಥ ಸಂಪುಟಗಳಲ್ಲಿ ಸನ್ಮಾನಿತರ ತಾಳ್ಮೆಯನ್ನು ಕೊಂಡಾಡುವುದು ವಾಡಿಕೆ. ಮಲಿಕಾಬಿಯವರಿಗೆ ತಾಳ್ಮೆ ಎಂಬುದು ಎಂದೂ ಇರಲಿಲ್ಲ. ಇದ್ದದ್ದು ಸಿಟ್ಟು, ಮತ್ತು ಆ ಸಿಟ್ಟನ್ನು ಬೇಕಾದಾಗ ತಮ್ಮ ಕಡೆಗೇ ತಿರುಗಿಸಿಕೊಳ್ಳುವ ಧೈರ್ಯ.

ಅಣ್ಣಿಗೇರಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಬಾಬಾಸಾಬರ ಎರಡನೆಯ ಮಗಳಾಗಿ ಹುಟ್ಟಿದ ಅವರು, ಹುಬ್ಬಳ್ಳಿಯಲ್ಲಿ ತರಬೇತಿ ಪಡೆದು, ೧೯೫೫ರಲ್ಲಿ ಕಲಘಟಗಿಯ ಸರಕಾರಿ ದವಾಖಾನೆಗೆ ಸೇರಿದರು. ಅಲ್ಲಿ ಇಪ್ಪತ್ತೆಂಟು ವರ್ಷ ಹೆರಿಗೆ ಮಾಡಿಸಿದರು. ಊರಲ್ಲಿ ಹೆಂಡತಿಗೆ ಬೇನೆ ಸುರುವಾಗಿದ್ದರೂ, ಹೇಳಿ ಮಾಡಿಸಿದ ತೊಟ್ಟಿಲ ಬಣ್ಣ ಒಣಗಲಿ, ಅದನ್ನು ಮನೆಗಿಳಿಸಿ ಅದೇ ಚಕ್ಕಡಿಯಲ್ಲಿ ಅವಳನ್ನು ದವಾಖಾನೆಗೆ ತಂದರಾಯಿತು ಎಂದು ಬಡಿಗೇರ ಅಂಗಡಿಯಲ್ಲಿ ಕುಳಿತಿದ್ದ ಲಕ್ಕಪ್ಪ ಎಂಬ ರೈತನಿಗೆ ಅವರು, "ಲೇ ಲಕ್ಕಪ್ಪಾ, ಕೂಸಿಗಿ ಮೊದಲ ತಾಯಿ ಬೇಕಲೇ, ಆಮ್ಯಾಲ ತೊಟ್ಟಲಾ!" ಎಂದು ಸಂತೆಯ ನಡುವೆ ಕೂಗಿದ್ದನ್ನು ಕಲಘಟಗಿಯ ಹಿರಿಯರು ಈಗಲೂ ನೆನೆಯುತ್ತಾರೆ. ಕೂಗಿದ ಮೇಲೆ ಆ ಚಕ್ಕಡಿಯನ್ನು ತಾವೇ ಹತ್ತಿ ಹೋಗಿ ಹೆಣ್ಣುಮಗಳನ್ನು ಕರೆತಂದರೆಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ.

೧೯೮೩ರಲ್ಲಿ ಅವರನ್ನು ಡಾ. ಪಂಢರಿನಾಥರ ಅಧ್ಯಯನಕ್ಕೆ ಎರವಲು ಸೇವೆಯ ಮೇಲೆ ಕಳಿಸಲಾಯಿತು. ಊರವರು 'ನಡುಕಿನ ಬ್ಯಾನಿ' ಎನ್ನುತ್ತಿದ್ದ ಈ ಕಾಯಿಲೆಯಲ್ಲಿ ಕೈ ನಡುಗುತ್ತದೆ, ಮೈ ಸೆಟೆಯುತ್ತದೆ, ಹೆಜ್ಜೆ ನೆಲಕ್ಕೆ ಅಂಟಿಕೊಳ್ಳುತ್ತದೆ, ದನಿ ಕುಗ್ಗುತ್ತದೆ, ಮುಖದ ಮೇಲೆ ನಗುವೂ ದುಃಖವೂ ಮೂಡದಂತಾಗುತ್ತದೆ. ಲೆವೊಡೋಪಾ ಎಂಬ ಗುಳಿಗೆ ನುಂಗಿದರೆ ಕೆಲವು ತಾಸು ಮೈ ಸಡಿಲಾಗುತ್ತದೆ. ಅದರ ಬಲ ಇಳಿದಂತೆ ಮತ್ತೆ ಬಿಗಿಯುತ್ತದೆ. ಹೊಲಮನೆಯ ಬದುಕಿನಲ್ಲಿ ಈ ಗುಳಿಗೆಯನ್ನು ದಿನಕ್ಕೆ ಎಷ್ಟು ಸಲ, ಎಷ್ಟೆಷ್ಟು ಕೊಟ್ಟರೆ ರೋಗಿ ಹೆಚ್ಚು ಹೊತ್ತು ಓಡಾಡಿಕೊಂಡಿರುತ್ತಾನೆ ಎಂಬುದೇ ಅಧ್ಯಯನದ ಪ್ರಶ್ನೆ. ತಿರ್ಲಾಪುರ, ಶಲವಡಿ ಮತ್ತು ಸುತ್ತಲ ಹಳ್ಳಿಗಳಿಂದ ಇಪ್ಪತ್ತೆರಡು ರೋಗಿಗಳನ್ನು ಆರಿಸಲಾಗಿತ್ತು. ತಿಂಗಳ ಮೊದಲಿಗೆ ಮಲಿಕಾಬಿಯವರು ಗುಳಿಗೆ ಹಂಚಬೇಕು, ಖಾಲಿ ಪೊಟ್ಟಣಗಳನ್ನು ವಾಪಸು ಪಡೆಯಬೇಕು. ಎರಡನೆಯ ಗುರುವಾರ ಡಾಕ್ಟರರು ಜೀಪಿನಲ್ಲಿ ಬಂದು ಬೆರಳಾಡಿಸಲು ಹೇಳಿ, ಕುಳಿತವರನ್ನು ಎಬ್ಬಿಸಿ, ಹತ್ತು ಹೆಜ್ಜೆ ನಡೆಸಿ, ಪಾಟಿಯ ಮೇಲೆ ಬಳಪದಿಂದ ಸುರುಳಿ ಬರೆಸಿ ಅಂಕ ಹಾಕಬೇಕು.

ಉಳಿದ ದಿನಗಳ ಸ್ಥಿತಿಯನ್ನು ಮನೆಯವರೇ ಗುರುತು ಮಾಡಬೇಕೆಂದು ಅಚ್ಚು ಹಾಕಿಸಿದ ಹಾಳೆಗಳು ಬಂದವು. ತಾಸಿಗೊಂದು ಚೌಕ. ಗಡಿಯಾರವೇ ಇಲ್ಲದ ಮನೆಗಳಿಗೆ ಇಪ್ಪತ್ನಾಲ್ಕು ಚೌಕಗಳ ಹಾಳೆ! ಮಲಿಕಾಬಿಯವರು ಆ ಕಟ್ಟನ್ನು ಡಾಕ್ಟರರ ಮೇಜಿನ ಮೇಲೆ ಕುಕ್ಕಿ, "ಸಾಹೇಬ್ರ, ಇದನ್ನ ಅಚ್ಚ ಹಾಕಿಸಿದವರು ತಿರ್ಲಾಪುರಕ್ಕ ಒಮ್ಮೆರ ಬಂದಾರೇನ್ರಿ?" ಎಂದು ಕೇಳಿದರು. ಕೊನೆಗೆ ತಾವೇ ಕುಳಿತು, ಎಮ್ಮೆ ಹಿಂಡುವ ಹೊತ್ತು, ಹುಬ್ಬಳ್ಳಿ ಬಸ್ಸಿನ ಹೊತ್ತು, ಸಾಲಿ ಗಂಟೆ, ಬುತ್ತಿಯ ಹೊತ್ತು, ದೀಪ ಹಚ್ಚುವ ಹೊತ್ತು ಎಂದು ಕೈಯಿಂದ ಗೆರೆ ಎಳೆದು ಇಪ್ಪತ್ತೆರಡು ಹಾಳೆ ಮಾಡಿದರು. ಪ್ರತಿ ತಿಂಗಳೂ ಮಾಡಿದರು. ಅಷ್ಟು ಮಾಡಿದರೂ ಮನೆಯವರು ತಿಂಗಳ ಗುರುತನ್ನೆಲ್ಲ ಒಂದೇ ದಿನ ಕುಳಿತು ಒಂದೇ ಕೈಯಿಂದ ಹಾಕಿಬಿಡುತ್ತಿದ್ದರು. ಎಲ್ಲವೂ 'ಛಲೋ'. ಬೈದರೆ ಚಹಾ ತಂದು ಮುಂದಿಡುತ್ತಿದ್ದರು.

೧೯೮೪ರ ಜೂನ್ ತಿಂಗಳಲ್ಲಿ ಗುಳಿಗೆ ಬರುವುದು ತಡವಾಯಿತು. ಆ ಗುರುವಾರ ತಿರ್ಲಾಪುರದ ಸಾವಂತ್ರೆವ್ವ ಎಂಬ ಹೆಣ್ಣುಮಗಳು ಡಾಕ್ಟರರ ಮುಂದೆ ಎದ್ದು ನಿಲ್ಲಲಾರದೆ ಹೋದರು. ಡಾಕ್ಟರರ ಮುಖ ಸಣ್ಣದಾಯಿತು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಮಲಿಕಾಬಿಯವರು, "ಸಾಹೇಬ್ರ ಮುಂದ ನನ್ನ ಮಾನಾ ಕಳದ್ರಿ. ಮುಂದಿನ ಸಲಾನರ ಉಳಸ್ರಿ ತಾಯಿ" ಎಂದರು. ಗುಳಿಗೆ ತಡವಾದದ್ದು ಸಾವಂತ್ರೆವ್ವನವರ ತಪ್ಪಾಗಿರಲಿಲ್ಲ. ಕಚೇರಿಯ ಮೇಲಿನ ಸಿಟ್ಟು ಆ ಹೊಸ್ತಿಲ ಮೇಲೆ ಬಿತ್ತು, ಅಷ್ಟೆ. ಮಲಿಕಾಬಿಯವರು ಅದನ್ನು ಜೀಪು ಹತ್ತುವಷ್ಟರಲ್ಲಿ ಮರೆತರು.

ಮುಂದಿನ ತಿಂಗಳಿಂದ ಅಂಕಗಳು ಏರತೊಡಗಿದವು. ಸಾವಂತ್ರೆವ್ವನವರು ಗುರುವಾರ ಇಸ್ತ್ರಿ ಮಾಡಿದಂಥ ಸೀರೆಯುಟ್ಟು ಹತ್ತು ಹೆಜ್ಜೆಯ ಬದಲು ಇಪ್ಪತ್ತು ಹೆಜ್ಜೆ ನಡೆದು ತೋರಿಸುತ್ತಿದ್ದರು. ಬೇರೆ ಊರುಗಳಲ್ಲಿಯೂ ಹಾಗೆಯೇ. ದಿನಕ್ಕೆ ಮೂರು ಗುಳಿಗೆ ಸಾಕು, ಅದಕ್ಕಿಂತ ಹೆಚ್ಚು ಬೇಡ ಎಂದು ಡಾಕ್ಟರರು ಕರಡು ವರದಿ ಬರೆಯತೊಡಗಿದರು. ಆ ವರದಿಯನ್ನು ನೋಡಿ ಮೇಲಿನ ಸಮಿತಿಯವರು ಉಚಿತ ಗುಳಿಗೆಯನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು.

೧೯೮೫ರ ನವೆಂಬರದಲ್ಲಿ ಒಂದು ಸೋಮವಾರ ಶಲವಡಿಗೆ ಹೊರಟ ಬಸ್ಸು ಕೆಟ್ಟು ನಿಂತಿತು. ಎದುರಿಗೆ ಬಂದ ಟ್ರ್ಯಾಕ್ಟರು ತಿರ್ಲಾಪುರಕ್ಕೆ ಹೊರಟಿತ್ತು. ಬಸ್ಸಿನವನನ್ನು, ಕೆಸರನ್ನು, ತಮ್ಮ ನೌಕರಿಯನ್ನು ಬೈಯುತ್ತ ಮಲಿಕಾಬಿಯವರು ಅದನ್ನೇ ಹತ್ತಿದರು. ಡಾಕ್ಟರರ ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು.

ಸಾವಂತ್ರೆವ್ವನವರು ಪಡಸಾಲೆಯಲ್ಲಿ ಗೋಡೆಗೆ ಆನಿಸಿಟ್ಟ ಗೊಂಬೆಯಂತೆ ಕುಳಿತಿದ್ದರು. ಕೆನ್ನೆಯ ಮೇಲೆ ಕುಳಿತ ನೊಣವನ್ನು ಓಡಿಸಲು ಕೈ ಮೇಲೇಳುತ್ತಿರಲಿಲ್ಲ. ಸೊಸೆ ದುಂಡವ್ವ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು.

"ಗುಳಗಿ ಎಲ್ಲಿ ಅದಾವ?"

"ಗುರುವಾರಕ್ಕಂತ ಇಟ್ಟೇವ್ರೀ ಅಕ್ಕಾರ."

"ಗುರುವಾರಕ್ಕ? ಅವೇನ ಹಬ್ಬಕ್ಕ ಉಡೂ ಸೀರಿ ಏನವಾ, ಪೆಟಿಗಿಯೊಳಗ ಮಡಚಿ ಇಡಾಕ?"

ದುಂಡವ್ವ ಒಳಗಿನಿಂದ ಒಂದು ಡಬ್ಬಿ ತಂದಳು. ಅದರ ತುಂಬ ಗುಳಿಗೆ. ಖಾಲಿ ಪೊಟ್ಟಣಗಳನ್ನು ಮಾತ್ರ ತಿಂಗಳು ತಿಂಗಳು ಇವರಿಗೆ ಒಪ್ಪಿಸಲಾಗಿತ್ತು. ಸಾವಂತ್ರೆವ್ವನವರ ಗಂಡ ಗುಡದಪ್ಪ ಸಮಾಧಾನದ ದನಿಯಲ್ಲಿ ವಿವರಿಸಿದರು: "ದಿನಾ ನುಂಗಿ ಮೈಗೆ ರೂಢಿ ಬಿದ್ರ ಗುಳಗಿ ಜೋರ ಇಳೀತೈತ್ರಿ. ಸಾಹೇಬ್ರು ಅಷ್ಟ ದೂರದಿಂದ ಬರ್ತಾರ, ಆ ದಿನಾನ ಕೈ ಕೊಟ್ರ ಹೆಂಗ್ರಿ? ಅದಕ್ಕ ಬುಧವಾರ ಮಧ್ಯಾಹ್ನದಿಂದ ಕೊಡತೇವಿ. ಜೀಪ ಹೋಗೂತನಾ ಅಗದಿ ಛಲೋ ಇರತಾಳ."

"ಯಾವ ಶಾಣ್ಯಾ ಹೇಳಿದ್ರಿ ನಿಮಗ ಇದನ್ನ?" ಎಂದು ಮಲಿಕಾಬಿಯವರು ಕೂಗಿದರು.

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. ಆ ಬಿಗಿದ ಮುಖದಿಂದ ಮಾತೊಂದು ಹೊರಬರಲು ಬಹಳ ಹೊತ್ತು ಹಿಡಿಯಿತು. "ನೀವ ಹೇಳಿದ್ರಲ್ಲಾ ಅಕ್ಕಾರ... ಮಾನಾ ಉಳಸ್ರಿ ಅಂತ."

ಮಲಿಕಾಬಿಯವರು ಕುಳಿತುಬಿಟ್ಟರು. ದುಂಡವ್ವ ಹೆದರಿ ನೀರು ತಂದಳು. ಅದನ್ನು ಕುಡಿಯದೆ, ಡಬ್ಬಿಯಿಂದ ಒಂದು ಗುಳಿಗೆ ತೆಗೆದು ಸಾವಂತ್ರೆವ್ವನವರ ಬಾಯಿಗೆ ತಾವೇ ಹಾಕಿ, ಅದೇ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು.

ಅನಂತರದ ಎಂಟು ದಿನ ಅವರು ಯಾರಿಗೂ ಹೇಳದೆ ಇಪ್ಪತ್ತೆರಡು ಮನೆಗಳಿಗೂ ಹೋಗಿಬಂದರು. ಹದಿನಾಲ್ಕು ಮನೆಗಳಲ್ಲಿ ಇದೇ ಕಥೆ. ಎಲ್ಲ ಕಡೆಗೂ ಗೌರವ, ಎಲ್ಲ ಕಡೆಗೂ ಡಬ್ಬಿ. ತಿಂಗಳು ತಿಂಗಳು ಎರಡನೆಯ ಗುರುವಾರದ ಹಿಂದಿನ ದಿನ ಊರೂರಿಗೆ ಹೋಗಿ "ನಾಳೆ ಸಾಹೇಬ್ರು ಬರ್ತಾರ, ಛಂದಂಗ ಇರ್ರಿ" ಎಂದು ಸಾರಿಬಂದವರು ತಾವೇ ಎಂಬುದು ಅವರಿಗೆ ಮನೆಯಿಂದ ಮನೆಗೆ ಹೆಚ್ಚು ಸ್ಪಷ್ಟವಾಗುತ್ತ ಹೋಯಿತು.

ಡಾಕ್ಟರರಿಗೆ ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟರು. "ಎರಡು ವರ್ಷ, ಸಿಸ್ಟರ್! ಎರಡು ವರ್ಷ ನಾವು ಅಳದದ್ದರ ಏನು?"

"ಗುರುವಾರ ಅಳದ್ವಿ ಸಾಹೇಬ್ರ."

"ಇದನ್ನ ಬರದ್ರ ಸಮಿತಿಯವರು ಗುಳಗಿ ನಿಲ್ಲಸ್ತಾರ. ಆವಾಗ ಇಪ್ಪತ್ತೆರಡು ಮಂದಿ ಗತಿ ಏನು? ಅದನ್ನ ವಿಚಾರ ಮಾಡೀರೇನು?"

"ಮಾಡೇನ್ರಿ. ಬರೀಲಿಲ್ಲಂದ್ರ ಸಾವಂತ್ರೆವ್ವ ನಿಮ್ಮ ಕಾಗದದಾಗ ದಿನಾ ನಡೀತಾಳ, ಮನ್ಯಾಗ ತಿಂಗಳಿಗಿ ಒಂದ ದಿನಾ. ಮೂರ ಗುಳಗಿ ಸಾಕಂತ ನೀವು ಬರದದ್ದು ಮುಂದ ಊರ ಮಂದಿಗೆಲ್ಲಾ ಲಾಗೂ ಆಗತೈತಿ. ಸಾಕೋ ಸಾಲದೋ ಯಾರಿಗಿ ಗೊತ್ತೈತ್ರಿ?"

ಒಂದು ವಾರ ಡಾಕ್ಟರರು ಅವರೊಡನೆ ಮಾತಾಡಲಿಲ್ಲ. ಎಂಟನೆಯ ದಿನ ಕರೆದು, ನಡೆದದ್ದನ್ನು ಬರೆದುಕೊಡಿ, ವರದಿಗೆ ಲಗತ್ತಿಸುತ್ತೇನೆ ಎಂದರು. ಮಲಿಕಾಬಿಯವರು ಒಂದು ಪುಟ ಬರೆದರು. ರೋಗಿಗಳ ಅಜ್ಞಾನ ಎಂಬ ಮಾತು ಅದರಲ್ಲಿ ಒಮ್ಮೆಯೂ ಬರುವುದಿಲ್ಲ. "ಮುಂಚಿನ ದಿನ ಹೇಳಿ ಹೋದವಳು ನಾನು. ಚೆನ್ನಾಗಿ ಕಾಣಬೇಕೆಂದು ಕೇಳಿಕೊಂಡವಳೂ ನಾನು. ಅವರು ನನ್ನ ಮಾತು ನಡೆಸಿಕೊಟ್ಟಿದ್ದಾರೆ" ಎಂದಿದೆ. ಶಿಸ್ತಿನ ಕ್ರಮ ಬಂದೀತೆಂದು ಬಲ್ಲವರು ಹೆದರಿಸಿದಾಗ, "ಬರಲಿ. ಬರೂತನಾ ಸುಮ್ನಿರ್ರಿ, ತಲಿ ತಿನಬ್ಯಾಡ್ರಿ" ಎಂದು ಆ ಪುಟಕ್ಕೆ ಸಹಿ ಹಾಕಿದರು.

ಸಮಿತಿಯಿಂದ ಮೂರು ತಿಂಗಳು ಉತ್ತರವೇ ಬರಲಿಲ್ಲ. ಕೊನೆಗೆ ಬಂದ ಪತ್ರದಲ್ಲಿ ಎರಡು ವರ್ಷದ ಅಂಕಿಗಳನ್ನು ತಳ್ಳಿಹಾಕಲಾಗಿತ್ತು. ಇನ್ನೊಂದು ವರ್ಷ ಮಾತ್ರ ಗುಳಿಗೆ ಕೊಡುವುದಾಗಿಯೂ, ನಂಬತಕ್ಕ ಅಂಕಿ ಬಾರದಿದ್ದರೆ ನಿಲ್ಲಿಸುವುದಾಗಿಯೂ ಹೇಳಲಾಗಿತ್ತು. ಮಲಿಕಾಬಿಯವರಿಗೆ ಒಂದು ಖಾರವಾದ ಮೆಮೊ ಕೂಡ ಬಂತು. ಗುರುವಾರವನ್ನು ಅವರೇ ರದ್ದುಮಾಡಿಸಿದರು. ಜೀಪು ಬೇಡವೆಂದರು; ಅದರ ಸಪ್ಪಳ ಅರ್ಧ ಮೈಲಿಗೆ ಕೇಳುತ್ತದೆ. ಸಿಕ್ಕ ಬಸ್ಸು ಹತ್ತಿ, ಸಿಕ್ಕ ಹೊತ್ತಿಗೆ, ಡಾಕ್ಟರರನ್ನು ಬೆನ್ನಿಗೆ ಕಟ್ಟಿಕೊಂಡವರಂತೆ ಎಳೆದುಕೊಂಡು ಹೋದರು. ಆದರೂ ಹಳೆಯ ರೂಢಿ ಸುಲಭಕ್ಕೆ ಬಿಡಲಿಲ್ಲ. ಬಾಗಿಲಲ್ಲಿ ಇವರನ್ನು ಕಂಡೊಡನೆ ಒಳಗೆ ಡಬ್ಬಿಯ ಮುಚ್ಚಳ ತೆರೆಯುವ ಸಪ್ಪಳವಾಗುತ್ತಿತ್ತು, ಇವರು ಹೊಸ್ತಿಲಿನಿಂದಲೇ ಕೂಗುತ್ತಿದ್ದರು.

೧೯೮೬ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಇಬ್ಬರೂ ತಿರ್ಲಾಪುರದ ಆ ಮನೆಗೆ ಹೋದಾಗ ಸಾವಂತ್ರೆವ್ವನವರು ಕುಳಿತಲ್ಲಿಯೇ ಇದ್ದರು. ಗುಡದಪ್ಪ ಗಡಬಡಿಸಿ, "ಏಳs, ಸಾಹೇಬ್ರು ಬಂದಾರ, ಏಳು!" ಎಂದರು.

"ಈಗ ಆಗೂದಿಲ್ಲ" ಎಂದರು ಸಾವಂತ್ರೆವ್ವ. ಸ್ವಲ್ಪ ಹೊತ್ತಿನ ಮೇಲೆ, "ಈಗರ ಗುಳಗಿ ತಗೊಂಡೇನಿ. ಕುಂಡರ್ರಿ" ಎಂದರು.

ಡಾಕ್ಟರರು ಎಲ್ಲಕ್ಕಿಂತ ಕೆಳಗಿನ ಅಂಕ ಬರೆದರು. ಚಹಾ ಬಂತು, ಆರಿತು. ಮುಕ್ಕಾಲು ತಾಸಿನ ಮೇಲೆ ಸಾವಂತ್ರೆವ್ವನವರು ಗೋಡೆ ಹಿಡಿದು ಎದ್ದು, ಹತ್ತು ಹೆಜ್ಜೆ ನಡೆದು, ತಿರುಗಿ ಬಂದು ಕುಳಿತರು. ಡಾಕ್ಟರರು ಎರಡನೆಯ ಅಂಕವನ್ನೂ ಬರೆದರು. ಮಲಿಕಾಬಿಯವರು ಗೋಡೆಯ ಕಡೆ ಮುಖ ಮಾಡಿ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದರು. ಬಹಳ ಹೊತ್ತು ಹುಡುಕಿದರು.

ಆ ವರ್ಷದ ಅಂಕಿಗಳು ಚೆಲುವಾಗಿರಲಿಲ್ಲ. ಮೂರು ಗುಳಿಗೆಯನ್ನು ಮೂರೇ ಸಲಕ್ಕೆ ಕೊಟ್ಟರೆ ಸಾಲುವುದಿಲ್ಲ, ಅಷ್ಟೇ ಔಷಧವನ್ನು ಐದು ಸಲಕ್ಕೆ ಹಂಚಿದರೆ ಓಡಾಡುವ ಹೊತ್ತು ಹೆಚ್ಚುತ್ತದೆ, ಆದರೂ ದಿನದಲ್ಲಿ ಕೆಲವು ತಾಸು ಬಿಗಿದೇ ಕಳೆಯುತ್ತವೆ ಎಂದು ಅವು ಹೇಳಿದವು. ಸಮಿತಿ ಅವನ್ನು ಒಪ್ಪಿತು, ಗುಳಿಗೆ ಮುಂದುವರಿಯಿತು. ಪ್ರಬಂಧ ಅಚ್ಚಾದಾಗ ಕೊನೆಯಲ್ಲಿ "ಕ್ಷೇತ್ರ ಸಿಬ್ಬಂದಿಗೆ ಕೃತಜ್ಞತೆ" ಎಂಬ ಒಂದು ಸಾಲಿತ್ತು. ಸಿಬ್ಬಂದಿ ಎಂದರೆ ಮಲಿಕಾಬಿಯವರೊಬ್ಬರೇ.

ಅವರ ಜಾಗಕ್ಕೆ ಇನ್ನೂ ಯಾರ ನೇಮಕವೂ ಆಗಿಲ್ಲ. ಕಡತ ಯಾವ ಮೇಜಿನ ಮೇಲಿದೆ ಎಂದು ಕೇಳಿದರೆ ಹೇಳುವವರಿಲ್ಲ. ಇಪ್ಪತ್ತೆರಡರಲ್ಲಿ ಉಳಿದ ಹದಿನೇಳು ರೋಗಿಗಳು ಮಾತ್ರ ಇದ್ದೇ ಇದ್ದಾರೆ. ಜೂನ್ ಒಂದನೆಯ ತಾರೀಖಿನಿಂದ ಅವರ ಗತಿ ಏನೆಂದು ಕೇಳಿದ್ದಕ್ಕೆ ಮಲಿಕಾಬಿಯವರು, "ಸರಕಾರ ನನಗ ನಿವೃತ್ತಿ ಕೊಟ್ಟೈತಿ, ಅವರ ಬ್ಯಾನಿಗಿ ಕೊಟ್ಟಿಲ್ಲಲಾ" ಎಂದು ಬಸ್ ನಿಲ್ದಾಣದ ಕಡೆಗೆ ನಡೆದರು. ಅವರ ಕಾಲುಗಳಿಗೆ ಬಲವಿರಲಿ, ಆಯುಷ್ಯ ದೀರ್ಘವಾಗಿರಲಿ. ಆ ಹದಿನೇಳು ಮನೆಗಳಲ್ಲಿ ಆಗದ ದಿನ ಆಗುವುದಿಲ್ಲ ಎಂದು ನಾಚದೆ ಹೇಳಬಹುದಾದ ಒಬ್ಬ ಅತಿಥಿಯಾಗಿ ಅವರು ಇನ್ನೂ ಬಹುಕಾಲ ಹೋಗಿಬರುವಂತಾಗಲಿ.