ಕೊಸರಿಗೆ ಬಂದ ನಾಯಿಯ ಉಣುಗಿನ ಜ್ವರ

ಕೊಂಡದ್ದರ ಮೇಲೆ ಒಂದಿಷ್ಟು ಬಿಟ್ಟಿ ಕೊಸರು ಕೇಳದೆ ಎದ್ದು ಬರುವವನನ್ನು ನಾನು ವ್ಯಾಪಾರಿ ಎಂದು ಒಪ್ಪುವುದಿಲ್ಲ. ಯಲ್ಲಾಪುರ ತಾಲೂಕಿನ ಮಾಗೋಡಿನ ಕಡೆ ಜೇನುತುಪ್ಪ ಕೊಳ್ಳಲು ಹೋದಾಗ ದರ ಕುದುರಿದ ಮೇಲೂ ಪದ್ಧತಿಯಂತೆ, "ಮತ್ತ ಕೊಸರು ಏನು ಕೊಡ್ತೀರಿ?" ಎಂದೆ. ಜೇನು ತೆಗೆಯುವವನು ಸುತ್ತಮುತ್ತ ನೋಡಿದ. ಕೊಡುವಂಥದ್ದು ಏನೂ ಕಾಣಲಿಲ್ಲವೋ ಏನೋ, ಜಗಲಿಯ ಕೆಳಗೆ ಮಲಗಿದ್ದ ಬಿಳಿ ನಾಯಿಮರಿಯೊಂದನ್ನು ಕುತ್ತಿಗೆ ಹಿಡಿದೆತ್ತಿ ನನ್ನ ಕೈಗೆ ಹಾಕಿದ.

"ತಗಳಿ, ಇದೇ ಕೊಸರು. ವಾಪಸ್ ತಗಳೋದಿಲ್ಲ ಮತ್ತೆ."

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಬನವಾಸಿಯ ಹತ್ತಿರದ ಊರಿನಿಂದ ಬರಿಗೈಯಲ್ಲಿ ಬಂದವನು ನಾನು. ಸಿದ್ದಾಪುರದಲ್ಲಿ ಸೀಗೆಕಾಯಿ, ಜೇನುತುಪ್ಪ, ಮುರುಗಲ ಹುಳಿಯ ವ್ಯಾಪಾರ ಹಿಡಿದು, ಆಗಷ್ಟೇ ಒಂದು ಅಂಗಡಿ ಮತ್ತು ಅದರ ಹಿಂದಿನ ಮನೆ ಮಾಡಿಕೊಂಡಿದ್ದೆ. ಮದುವೆಯಾಗಿರಲಿಲ್ಲ. ಖಾನಾವಳಿಯ ಊಟಕ್ಕೆ ಹೊಟ್ಟೆ ಕೆಟ್ಟಿತೆಂದು ಕಾಡಿ ಬೇಡಿ ಅವ್ವನನ್ನು ಊರಿನಿಂದ ಕರೆತಂದಿದ್ದೆ.

ಅವ್ವನಿಗೆ ಸಿದ್ದಾಪುರ ಹಿಡಿಸಲಿಲ್ಲ. ಇಲ್ಲಿಯ ಮಾತಿನ ಧಾಟಿಯೇ ಬೇರೆ. "ಇವರು ಇಲ್ಲೆ ಅಂತಾರ, ಎಂತ ಅಂತಾರ, ನನಗ ಅರ್ಥ ಆಗೂದರಾಗ ಅವರ ಮಾತು ಮುಗದಿರ್ತೈತಿ" ಎನ್ನುತ್ತಿದ್ದಳು. ಬಾವಿಕಟ್ಟೆಯಲ್ಲೂ ಯಾರೊಂದಿಗೂ ಬೆರೆಯಲಿಲ್ಲ. ಊರಿನಲ್ಲಿ ಅಣ್ಣನ ಮನೆ ಇತ್ತು, ಮೊಮ್ಮಕ್ಕಳಿದ್ದರು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುವಳು. ಅಂಥ ಹೊತ್ತಿನಲ್ಲಿ ಬಂದ ನಾಯಿಮರಿಗೆ ಅವಳು ಹೆಸರು ಹುಡುಕುವ ಗೋಜಿಗೂ ಹೋಗದೆ ಕೊಸರ್ಯಾ ಎಂದು ಕರೆದಳು. ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಹಾಕಿದಳು. ಇಡೀ ದಿನ ಅದರ ಜೊತೆ ಮಾತು. ಬಾಗಿಲಿಗೆ ಬಂದು ನಿಲ್ಲುವುದು ತಾನಾಗಿ ನಿಂತಿತು.

ಮರಿ ಬೆಳೆದು ಒಳ್ಳೆಯ ನಾಯಿಯಾದ ಮೇಲೆ, ಒಂದು ಸೀಗೆಕಾಯಿ ಸುಗ್ಗಿಯಲ್ಲಿ, ಅದು ಊಟ ಬಿಟ್ಟಿತು. ಮೈ ಕೆಂಡದಂತೆ ಕಾಯುತ್ತಿತ್ತು. ಕಣ್ಣು ಹಳದಿ. ಉಚ್ಚೆ ಹೊಯ್ದರೆ ಕಾಫಿ ಕಷಾಯದ ಬಣ್ಣ. ಆ ದಿನ ತ್ಯಾಗಲಿಯಿಂದ ನನಗೆ ಸೀಗೆಕಾಯಿ ತರುತ್ತಿದ್ದ ಯಜಮಾನರು ಬಂದಿದ್ದರು. ಗಿಡಮೂಲಿಕೆ ಬಲ್ಲವರು, ಎಷ್ಟೋ ಜನರ ಕಾಮಾಲೆ ಇಳಿಸಿದವರು. ನಾಯಿಯ ಕಣ್ಣು ನೋಡಿದವರೇ, "ಕಾಮಾಲೆ ಮಾರಾಯ್ರೆ, ಎಂತ ಅನುಮಾನವೂ ಇಲ್ಲ. ನೆಲನೆಲ್ಲಿ ಅರೆದು ಮಜ್ಜಿಗೇಲಿ ಕುಡಿಸಿ. ಪಥ್ಯ ಮಾತ್ರ ಬಿಗಿ ಇರ್ಲಿ. ಹಾಲು, ಎಣ್ಣೆ, ಉಪ್ಪು ಎಂತದ್ದೂ ಬೇಡ. ಗಂಜಿ ತಿಳಿ ಸಾಕು" ಎಂದರು.

ಅವ್ವ ಅಕ್ಷರಶಃ ಪಾಲಿಸಿದಳು. ಮನುಷ್ಯರಿಗೆ ಮಾಡುವಂತೆ ನಾಯಿಗೂ ಪಥ್ಯ ಮಾಡಿಸುವ ಮನೆ ನಮ್ಮದೊಂದೇ ಇರಲಿಲ್ಲ. ಆಗ ಎಲ್ಲರೂ ಹಾಗೆಯೇ. ನಾಯಿ ಮಾತ್ರ ದಿನದಿನಕ್ಕೆ ಬಡವಾಯಿತು. ಎದ್ದು ನಿಂತರೆ ಹಿಂಗಾಲು ಅದುರುತ್ತಿತ್ತು.

ಎತ್ತು ಕೊಳ್ಳುವವನು ಹಲ್ಲು ನೋಡುವಾಗ ಒಸಡನ್ನೂ ನೋಡಬೇಕು. ಹಲ್ಲು ವಯಸ್ಸು ಹೇಳಿದರೆ ಒಸಡು ಆರೋಗ್ಯ ಹೇಳುತ್ತದೆ. ಒಂದು ಬೆಳಿಗ್ಗೆ ಅದೇ ರೂಢಿಯಿಂದ ಕೊಸರ್ಯಾನ ತುಟಿ ಎತ್ತಿ ನೋಡಿದೆ. ಒಸಡು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು.

"ಅವ್ವಾ, ಇದರ ಮೈಯಾಗ ರಕ್ತನ ಇಲ್ಲ. ಇದು ಬರೇ ಕಾಮಾಲಿ ಅಲ್ಲ."

ಅವ್ವ ನಾಯಿಯ ತಲೆಯ ಮೇಲಿನ ಕೈ ತೆಗೆಯಲಿಲ್ಲ. "ಏನರ ಮಾಡು. ಇದು ಹೋತಂದ್ರ ನಾನೂ ನಿಮ್ಮಣ್ಣನ ಮನಿಗೆ ಹೋಗಾಕಿ. ಬರೇ ಗ್ವಾಡಿ ಜೋಡಿ ಮಾತಾಡಕೋತ ನಾ ಇಲ್ಲಿ ಇರೂದಿಲ್ಲ" ಎಂದಳು. ಅವಳು ಬೆದರಿಸುವವಳಲ್ಲ. ಹೇಳಿದರೆ ಹೇಳಿದ ಹಾಗೆಯೇ.

ಶಿರಸಿಯಲ್ಲಿ ದನದ ಡಾಕ್ಟರು ಇದ್ದರು. ನಾಯಿಯನ್ನು ಗೋಣಿಯಲ್ಲಿ ಸುತ್ತಿ ಬಸ್ ನಿಲ್ದಾಣಕ್ಕೆ ಹೊತ್ತುಕೊಂಡು ಹೋದೆ. ಕಂಡಕ್ಟರು ಅಡ್ಡ ನಿಂತ.

"ನಾಯಿಗೆ ಎಂತ ಟಿಕೆಟ್ ಹರಿಯೋದು ಮಾರಾಯ್ರೆ? ಕಾನೂನಲ್ಲೇ ಇಲ್ಲ."

"ಕುರಿಗೆ ಹರೀತೀರಲ್ಲ, ಅದನ್ನ ಹರೀರಿ."

"ಕುರಿ ಕಚ್ಚೋದಿಲ್ಲ."

"ಇದೂ ಕಚ್ಚೂದಿಲ್ಲ. ಕಚ್ಚಾಕ ಶಕ್ತಿ ಇದ್ದಿದ್ರ ನಾ ಯಾಕ ಶಿರಸಿಗೆ ಹೋಗ್ತಿದ್ದೆ?"

ಬಸ್ಸಿನಲ್ಲಿದ್ದವರು ನಕ್ಕರು. ಜನ ನಕ್ಕರೆ ಅರ್ಧ ಕೆಲಸ ಆದ ಹಾಗೆ. ಇದು ಯಾವ ಚೌಕಾಸಿಗೂ ಸಲ್ಲುವ ಮಾತು. ಕಡೆಯ ಸೀಟಿನ ಕೆಳಗೆ ಜಾಗ ಸಿಕ್ಕಿತು.

ಡಾಕ್ಟರು ಕರಾವಳಿಯ ಕಡೆಯವರು, ನಿಧಾನದ ಮನುಷ್ಯ. ನಾಯಿಯ ಕಿವಿ ಮಡಚಿ ಒಳಗೆ ನೋಡಿದರು, ಕಾಲ್ಬೆರಳುಗಳ ಸಂದು ಬಿಡಿಸಿ ನೋಡಿದರು. ಅಲ್ಲೆಲ್ಲ ಉಣುಗು. ಕೆಲವು ರಕ್ತ ಕುಡಿದು ಹರಳು ಬೀಜದಷ್ಟು ಊದಿದ್ದವು. ದನಕ್ಕೆ, ನಾಯಿಗೆ ಕಚ್ಚಿಕೊಳ್ಳುವ ಈ ಹುಳ ನಮಗೇನೂ ಹೊಸದಲ್ಲ; ಕಂಡರೆ ಕಿತ್ತು ಒಗೆಯುತ್ತಿದ್ದೆವು, ಅಷ್ಟೆ. ಡಾಕ್ಟರು ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಬಹಳ ಹೊತ್ತು ನೋಡಿ, "ಬನ್ನಿ, ನೀವೂ ನೋಡಿ" ಎಂದರು.

ದುಂಡನೆಯ ರಕ್ತದ ಕಣಗಳು. ಅಲ್ಲೊಂದು ಇಲ್ಲೊಂದು ಕಣದ ಒಳಗೆ, ಬೇವಿನ ಬೀಜದ ಆಕಾರದ ನೀಲಿ ಚುಕ್ಕೆಗಳು ಜೋಡಿ ಜೋಡಿಯಾಗಿ ಕುಳಿತಿದ್ದವು.

"ಉಣುಗು ಕಚ್ಚುವಾಗ ಈ ರೋಗಾಣುವನ್ನು ಒಳಗೆ ಬಿಡ್ತದೆ. ಇದು ರಕ್ತದ ಕಣದಲ್ಲೇ ಬೆಳೆದು ಅದನ್ನು ಒಡೀತದೆ. ಒಡೆದ ರಕ್ತವೇ ಮೂತ್ರದಲ್ಲಿ ಹೋಗ್ತಾ ಇರೋದು, ಕಣ್ಣು ಹಳದಿ ಆಗಿರೋದೂ ಅದರಿಂದಲೇ."

ನನಗೆ ಕೂಡಲೇ ತಿಳಿಯಿತು. ಅಲಸಂದೆ ಕಾಳಿಗೆ ಹುಳ ಹಿಡಿಯುವುದೂ ಹೀಗೆಯೇ. ಹೊರಗಿನಿಂದ ಕಾಳು ಕಾಳಿನಂತೆಯೇ ಇರುತ್ತದೆ, ಒಳಗೆ ಎಲ್ಲ ಪೊಳ್ಳು.

"ಇದು ಮಲಗೋದು ಎಲ್ಲಿ?" ಎಂದು ಡಾಕ್ಟರು ಕೇಳಿದರು.

"ಅಂಗಡಿ ಜಗಲಿ ಮ್ಯಾಲೆ, ಚೀಲದ ರಾಶಿಯೊಳಗ" ಎನ್ನುತ್ತಿದ್ದಂತೆ ನನ್ನ ಮಾತು ನನಗೇ ಕೇಳಿಸಿತು. ಖಾಲಿ ಗೋಣಿಚೀಲ ಹಳ್ಳಿಗಳಿಗೆ ಕೊಟ್ಟು, ಸೀಗೆಕಾಯಿ ತುಂಬಿಸಿ ತರಿಸುವುದು ನನ್ನ ಪದ್ಧತಿ. ಕೊಟ್ಟ ಚೀಲ ವಾರಗಟ್ಟಲೆ ಯಾರದೋ ಕೊಟ್ಟಿಗೆಯಲ್ಲಿ, ಕಾಡಿನಿಂದ ತಂದ ಒಣ ಎಲೆಯ ರಾಶಿಯ ಪಕ್ಕದಲ್ಲಿ ಬಿದ್ದಿರುತ್ತದೆ. ನನ್ನ ಸರಕಿನ ಜೊತೆ ಹತ್ತೂರಿನ ಉಣುಗು ನನ್ನ ಜಗಲಿಗೆ ಬಂದು ಇಳಿಯುತ್ತಿತ್ತು. ಈ ಕೊಸರನ್ನಂತೂ ನಾನು ಕೇಳಿರಲಿಲ್ಲ.

ಡಾಕ್ಟರು ಕಡುನೀಲಿ ಬಣ್ಣದ ಔಷಧಿಯನ್ನು ನಾಯಿಯ ಕಾಲಿನ ನರಕ್ಕೆ ಬಹಳ ನಿಧಾನವಾಗಿ ಚುಚ್ಚಿದರು. "ಒಸಡು, ಕಣ್ಣು ಎಲ್ಲ ನೀಲಿ ಆಗ್ತದೆ, ಹೆದರಬೇಡಿ. ರೋಗಾಣು ಸತ್ತರೂ ರಕ್ತ ತುಂಬಬೇಕಲ್ಲ. ಅದು ಊಟದಿಂದಲೇ ಆಗಬೇಕು. ಎಂತ ಹಾಕ್ತಾ ಇದ್ದೀರಿ?"

ಗಂಜಿ ತಿಳಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಪಥ್ಯ ಇವತ್ತಿಗೇ ಬಿಡಿ. ದಿನಾ ಸ್ವಲ್ಪ ಕುರಿಯ ಲಿವರ್ ಬೇಯಿಸಿ ಹಾಕಿ, ಕಲೇಜಿ ಅಂತಾರಲ್ಲ, ಅದು. ಇಲ್ಲದಿದ್ದರೆ ಇದು ಏಳೋದು ಕಷ್ಟ."

ವಾಪಸು ಬರುವ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ನಮ್ಮದು ಲಿಂಗಪೂಜೆಯ ಮನೆ. ಈರುಳ್ಳಿ ಹೆಚ್ಚಿದ ಕೈಯನ್ನೇ ಮತ್ತೆ ತೊಳೆದು ಪೂಜೆಗೆ ಕೂರುವ ಅವ್ವನಿಗೆ ಕಲೇಜಿಯ ಮಾತು ಹೇಗೆ ಎತ್ತುವುದು? ಬಸ್ ಇಳಿಯುವಷ್ಟರಲ್ಲಿ ಹತ್ತು ಬಗೆಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅವ್ವ ಪೂರ್ತಿ ಕೇಳಿ, "ನಾ ಏನು ಅದಕ್ಕ ಲಿಂಗಾ ಕಟ್ಟೇನೇನು? ತಿನ್ಲಿ. ಆದ್ರ ಮನ್ಯಾಗ ಬ್ಯಾಡ, ನಮ್ಮ ಬಾಗಲಾಗೂ ಬ್ಯಾಡ. ಎಲ್ಲಿ ಬೇಯಸ್ತಾರೋ ಅಲ್ಲಿಗೇ ಕರಕೊಂಡು ಹೋಗ್ತೀನಿ" ಎಂದಳು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕುರಿ ಮಾಂಸದ ಅಂಗಡಿಯವರ ಮನೆ ಇತ್ತು. ಅಂಗಡಿಯವನ ತಾಯಿಗೆ ಮೊಣಕಾಲವರೆಗೆ ಇಳಿಯುವ ಕೂದಲು. ಆ ವಯಸ್ಸಿನಲ್ಲೂ ಅದರ ಬಗ್ಗೆ ಹೆಮ್ಮೆ. ನಾನು ಅದನ್ನು ಗಮನದಲ್ಲಿಟ್ಟುಕೊಂಡೇ ಮಾತಿಗೆ ಹೋದೆ. ನನ್ನದು ಸೀಗೆಕಾಯಿ, ಅವರದು ಕಲೇಜಿ ಎಂದು ಕುದುರಿತು. "ಕೊಸರು ಏನು?" ಎಂದು ಆಕೆಯೇ ಕೇಳಿದಳು. ನನ್ನನ್ನು ಕೊಸರು ಕೇಳಿದವರು ಅಪರೂಪ. ಅಂಟುವಾಳ ಸೇರಿಸಿದೆ.

ಚೀಲಗಳದ್ದೂ ಒಂದು ವ್ಯವಸ್ಥೆಯಾಯಿತು. ತ್ಯಾಗಲಿಯ ಯಜಮಾನರ ಮನೆಯಲ್ಲಿ ಅಡಿಕೆ ಬೇಯಿಸುವ ದೊಡ್ಡ ಹಂಡೆ ಇತ್ತು. ಅಡಿಕೆ ಸುಗ್ಗಿ ಮುಗಿದು ಅದು ಖಾಲಿ ಇತ್ತು. ಚೀಲಗಳನ್ನೆಲ್ಲ ಅದರಲ್ಲಿ ಕುದಿಸಿ ಬಿಸಿಲಿಗೆ ಹಾಕಿದೆವು. ತಮ್ಮ ನೆಲನೆಲ್ಲಿಗೆ ಹೆಸರು ಬರಲಿಲ್ಲವೆಂದು ಅವರು ಬೇಸರಿಸಲಿಲ್ಲ. "ಹಂಡೆಗೆ ಬಾಡಿಗೆ ಕೇಳಲಕ್ಕಾಗಿತ್ತು, ಬಿಟ್ಟಿದ್ದೆ ನೋಡಿ" ಎಂದು ನಕ್ಕರು. ಜಗಲಿಯ ಬಿರುಕುಗಳಿಗೆ ಸುಣ್ಣ ತುಂಬಿದೆ. ನಾಯಿ ಸಾಕುವವರಿಗೆ ಇಷ್ಟು ಹೇಳುತ್ತೇನೆ: ಉಣುಗನ್ನು ನಾಯಿಯ ಮೈಮೇಲೆ ಮಾತ್ರ ಹುಡುಕಿದರೆ ಸಾಲದು, ಅದು ಮಲಗುವ ಜಾಗವನ್ನು ಮೊದಲು ಜಾಲಾಡಿ. ಕಿತ್ತದ್ದನ್ನು ಉಗುರಿನಲ್ಲಿ ಕುಕ್ಕಬೇಡಿ, ಸೀಮೆಎಣ್ಣೆಗೆ ಹಾಕಿ. ನಾಯಿ ಊಟ ಬಿಟ್ಟ ದಿನವೇ ತುಟಿ ಎತ್ತಿ ನೋಡಿ.

ಡಾಕ್ಟರು ಹೇಳಿದಂತೆ ಕೊಸರ್ಯಾನ ಒಸಡು, ನಾಲಿಗೆ ನೀಲಿಯಾದವು. ಬಿಳಿ ಮೈಗೂ ಒಳಗಿನಿಂದ ನೀಲಿ ಛಾಯೆ ಬಂತು. ಬಾವಿಕಟ್ಟೆಯವರು ಬಂದು ನೋಡಿಹೋದರು. "ನಮ್ಮ ಶಿವಾ ವಿಷಾ ಕುಡಿದಾಗ ಕೊಳ್ಳಷ್ಟ ನೀಲಿ ಆಗಿತ್ತು, ಇವನ ಪೂರಾ ಮೈಯೇ ಆಗೇತಿ" ಎಂದು ಅವ್ವ ಅವರಿಗೆಲ್ಲ ಹೇಳಿದಳು. ಸಿದ್ದಾಪುರದ ಹೆಂಗಸರು ಅವಳ ಮಾತಿಗೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಅವಳು ನಾಯಿಯನ್ನು ಕರೆದುಕೊಂಡು ಆ ಓಣಿಗೆ ಹೋಗುವಳು. ಮೊದಮೊದಲು ದಾರಿಯಲ್ಲಿ ಎರಡು ಸಲ ಕೂರಿಸಿ ಏಳಿಸಬೇಕಾಗುತ್ತಿತ್ತು. ನೀಲಿ ಇಳಿಯುತ್ತ ಬಂದಂತೆ ನಡಿಗೆ ಬಂತು, ಆಮೇಲೆ ಅದೇ ಅವಳನ್ನು ಎಳೆದುಕೊಂಡು ಹೋಗತೊಡಗಿತು.

ಯುಗಾದಿಯ ಹೊತ್ತಿಗೆ ಅಣ್ಣ ಅವ್ವನನ್ನು ಕರೆದೊಯ್ಯಲು ಬಂದ. ಬಂದು ಕರೆದೊಯ್ಯಲು ಅವಳೇ ಹಿಂದೊಮ್ಮೆ ಹೇಳಿ ಕಳಿಸಿದ್ದಳಂತೆ. ಅವ್ವ ಮನೆಯಲ್ಲಿರಲಿಲ್ಲ; ನಾನು ಅವನನ್ನು ಓಣಿಗೆ ಕರೆದುಕೊಂಡು ಹೋದೆ. ಅವ್ವ ಕಲ್ಲಿನ ಮೇಲೆ ನಾಯಿಯ ಕಡೆಗೆ ಬೆನ್ನು ಮಾಡಿ ಕುಳಿತಿದ್ದಳು. ಎದುರಿಗೆ ಉದ್ದ ಕೂದಲಿನ ಮುದುಕಿ. ಇಬ್ಬರ ನಡುವೆ ಮೊರದಲ್ಲಿ ಸೀಗೆಕಾಯಿ, ಬೀಜ ಬಿಡಿಸುತ್ತಿದ್ದರು.

ಅಣ್ಣ ದಂಗಾದ. "ಅವ್ವಾ, ಇಲ್ಲ್ಯಾಕ ಕುಂತಿ?"

"ಅತ್ಲಾಗ ಮಾರಿ ಮಾಡಿಲ್ಲಲ್ಲೋ, ಕಾಣೂದಿಲ್ಲೇನು? ಅದರ ಊಟ ಮುಗೀಲಿ, ತಡಿ."

ನಾಯಿ ಬಟ್ಟಲು ನೆಕ್ಕಿ ಬಂದು ಅವಳ ಮುಂದೆ ಆಕಳಿಸಿತು. ಒಸಡು ತಿಳಿಗೆಂಪಾಗಿತ್ತು. ಅವ್ವ ಅದರ ಕಾಲ್ಬೆರಳ ಸಂದು ಬಿಡಿಸಿ ಉಣುಗು ನೋಡಿದಳು.

"ಬಸ್ಸಿಗೆ ಹೊತ್ತಾತು" ಎಂದ ಅಣ್ಣ.

"ಇವರ ಸೊಸಿ ಹಡಿಯೂದೈತಿ. ಬಾಣಂತಿಗೆ ಎರಿಯೂದು ನಾ ಹೇಳಿಕೊಡ್ತೀನಿ ಅಂದೇನಿ. ಅದೊಂದು ಮುಗಿಸಿ ಬರ್ತೀನಿ, ನೀ ನಡಿ."

ಅದು ಮುಗಿದ ಮೇಲೆ ಮತ್ತೊಂದು ಬಂತು. ಹಬ್ಬಕ್ಕೆಂದು ಹೋಗಿ ಬರುತ್ತಿದ್ದಳೇ ವಿನಾ ಅವ್ವ ಸಿದ್ದಾಪುರ ಬಿಡಲಿಲ್ಲ. ಆ ದಿನ ಅಣ್ಣನನ್ನು ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿಯಿಂದ ತಲೆ ಹೊರಹಾಕಿ, "ಆ ನಾಯಿಗೆ ಎಷ್ಟು ರೊಕ್ಕಾ ಕೊಟ್ಟಿದ್ದಿ?" ಎಂದು ಕೇಳಿದ.

"ಏನೂ ಇಲ್ಲ. ಕೊಸರಿಗೆ ಬಂದಿದ್ದು."

"ನೀನು ಖರೇ ಹೇಳೋ ಪೈಕಿ ಅಲ್ಲ ಬಿಡು" ಎಂದ ಅಣ್ಣ.