ಕೊಟ್ಟೂರಿನ ಕಂಚು, ಕೊಲಂಬೋದ ಸುಂಕ

2001ರಲ್ಲಿ ನಾನು ಕೊಟ್ಟೂರಿನ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಆಫೀಸ್ ಅಸಿಸ್ಟೆಂಟ್ ಆಗಿದ್ದೆ. ಆಫೀಸು ಅಂದರೆ ತಗಡಿನ ಶೆಡ್ಡಿನ ಮೂಲೆಗೆ ಪ್ಲೈವುಡ್ ಹೊಡೆದು ಮಾಡಿದ ಕೋಣೆ, ಒಂದು ಟೈಪ್‌ರೈಟರ್, ಒಂದು ಫೋನು, ನಾನು. ಊರು ಗುಡೇಕೋಟೆ. ಅಪ್ಪ ಕಲ್ಲು ಒಡೆದು, ಅವ್ವ ಮಂದಿ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದರು. ನಮ್ಮ ಕೇರಿಯಲ್ಲಿ ಬಿ.ಕಾಂ. ಮುಗಿಸಿದ ಮೊದಲ ಹೆಣ್ಣುಮಗಳು ನಾನು. ಗಂಡುಮಕ್ಕಳನ್ನು ಸೇರಿಸಿ ಎಣಿಸಿದರೂ ಮೊದಲನೆಯವಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು.

ಕಾರ್ಖಾನೆಯ ಮಾಲೀಕರು ಖಾದರ್ ಸಾಹೇಬರು. ಅವರ ತಂದೆ ರೈತರ ಪಂಪ್‌ಸೆಟ್ಟಿಗೆ ಬುಷ್ ಎರಕ ಹೊಯ್ದುಕೊಡುತ್ತಿದ್ದರು. ಸಾಹೇಬರ ಕಾಲಕ್ಕೆ ಮೀಟರ್‌ಗೇಜ್ ವ್ಯಾಗನ್ನುಗಳ ಕಂಚಿನ ಬೇರಿಂಗ್ ಕೆಲಸ ಸಿಕ್ಕಿತು. ಹಳೆಯ ವ್ಯಾಗನ್ನಿನ ಗಾಲಿ ಅಚ್ಚಿನ ತುದಿಯ ಮೇಲೆ, ಅಂಗೈ ಬಾಗಿಸಿ ಕವುಚಿದ ಹಾಗೆ ಕೂರುವ ಕಂಚಿನ ತುಂಡು ಅದು. ವ್ಯಾಗನ್ನಿನ ಭಾರವೆಲ್ಲ ಅದರ ಮೇಲೆ. ಆಮೇಲೆ ನಮ್ಮ ಹಳಿಯನ್ನು ಅಗಲ ಮಾಡಿದರು, ಹೊಸ ವ್ಯಾಗನ್ನುಗಳಿಗೆ ರೋಲರ್ ಬೇರಿಂಗ್ ಬಂತು. ಊರಿಗೆ ಪ್ಯಾಸೆಂಜರ್ ಗಾಡಿ ಬರುವುದೂ ನಿಂತಿತು, ನಮ್ಮ ಕಂಚನ್ನು ಕೇಳುವವರೂ ಇಲ್ಲವಾದರು. ನಾನು ಸೇರಿದಾಗ ಕುಲುಮೆ ಹೊತ್ತುತ್ತಿದ್ದದ್ದು ವಾರಕ್ಕೆ ಎರಡೇ ದಿನ. ಯುಗಾದಿಯೊಳಗೆ ದೊಡ್ಡ ಆರ್ಡರ್ ಬರದಿದ್ದರೆ ಶೆಡ್ಡನ್ನು ಶೇಂಗಾ ಗೋದಾಮಿಗೆ ಬಾಡಿಗೆ ಕೊಡುವುದೆಂದು ಸಾಹೇಬರು ತೀರ್ಮಾನಿಸಿದ್ದರು. ಹನ್ನೆರಡು ಮಂದಿ ಕೆಲಸಗಾರರಿಗೆ ಆ ಮಾತು ಗೊತ್ತಿತ್ತು. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಆ ದಿನಗಳಲ್ಲಿ ಹೊಸಪೇಟೆಯಲ್ಲಿ ಸಣ್ಣ ಉದ್ದಿಮೆದಾರರಿಗೆ ಒಂದು ದಿನದ ತರಬೇತಿ ನಡೆಯಿತು. ಸಾಹೇಬರು, "ನನಗ ಕುಂತ್ರ ನಿದ್ದಿ ಬರ್ತೈತಿ, ನೀ ಹೋಗಿ ಬಾ" ಎಂದು ನನ್ನನ್ನು ಕಳಿಸಿದರು. ಹಿಂದಿನ ವರ್ಷವಷ್ಟೇ ಭಾರತ ಮತ್ತು ಶ್ರೀಲಂಕಾ ನಡುವೆ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತ್ತು. ಇಲ್ಲಿ ತಯಾರಾದ ಸರಕು ಅಲ್ಲಿಗೆ ಹೋದರೆ ಆಮದು ಸುಂಕ ಕಡಿಮೆ, ಕೆಲವಕ್ಕೆ ಸುಂಕವೇ ಇಲ್ಲ ಎಂದು ವಿವರಿಸಿದರು. ವಾಪಸ್ ಬಂದು ಹೇಳಿದಾಗ ಸಾಹೇಬರ ಮೊದಲ ಪ್ರಶ್ನೆ, "ಹಂಗಾರ ಸರ್ಕಾರ ನಮಗೆಷ್ಟು ಕೊಡ್ತೈತಿ?" ಏನೂ ಕೊಡುವುದಿಲ್ಲ ಎಂದೆ. ಸುಂಕ ಉಳಿಯುವುದು ಅಲ್ಲಿ ಕೊಳ್ಳುವವನಿಗೆ. ಅವನಿಗೆ ಬೇರೆ ದೇಶದ ಮಾಲಿಗಿಂತ ನಮ್ಮದು ಅಗ್ಗ ಬೀಳುತ್ತದೆ, ಹಾಗಾಗಿ ನಮ್ಮ ಕಡೆ ತಿರುಗುತ್ತಾನೆ. ನಮಗೆ ಸಿಗುವ ಲಾಭ ಅದು. ಸಾಹೇಬರು, "ಅವನ ಕಿಸೆದಾಗ ಉಳಿದ್ರ ನಮಗ ಕೆಲಸ. ತಿಳೀತು" ಎಂದರು. ಈ ವಿಷಯವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಇವತ್ತಿಗೂ ಕಂಡಿಲ್ಲ.

ತರಬೇತಿಯಲ್ಲಿ ಕೊಟ್ಟ ವಿಳಾಸಗಳಿಗೆ ಕಾಗದ ಬರೆದೆ. ಕೊಲಂಬೋದಲ್ಲಿ ರೈಲು ಬಿಡಿಭಾಗಗಳ ವ್ಯಾಪಾರ ಮಾಡುವ ನಡೇಸನ್ ಎಂಬವರು ಉತ್ತರಿಸಿದರು. ಅಲ್ಲಿನ ಹಳೆಯ ವ್ಯಾಗನ್ನುಗಳಿಗೆ ಕಂಚಿನ ಬೇರಿಂಗ್ ಇನ್ನೂ ಬೇಕಿತ್ತು. ಅಲ್ಲಿನ ಅಳತೆಗೆ ಹೊಯ್ದು ಕಳಿಸಿದ ಮಾದರಿ ಪರೀಕ್ಷೆಯಲ್ಲಿ ಪಾಸಾಯಿತು. ದರ ಕೇಳಿದರು. ಸಾಹೇಬರು ನನ್ನನ್ನು ಒಂದು ಮಾತೂ ಕೇಳದೆ ಫ್ಯಾಕ್ಸ್ ಮಾಡಿಸಿಬಿಟ್ಟರು. ಮೊದಲ ಪರದೇಶದ ಗಿರಾಕಿ, ಬೋಣಿಗೆಯ ವ್ಯಾಪಾರ. ಅಂಗಡಿ ತೆರೆದು ಮೊದಲು ಬಂದವನಿಗೆ ಅಸಲಿಗೆ ಕೊಟ್ಟಾದರೂ ಬರಿಗೈಲಿ ಕಳಿಸಬಾರದು ಎಂಬುದು ನಮ್ಮ ಪೇಟೆಯ ನಂಬಿಕೆ. ಕಚ್ಚಾ ಮಾಲು, ಇದ್ದಲು, ಕೂಲಿಯವರ ಸಂಬಳ ಸೇರಿಸಿ, ಮೇಲೆ ಚಿಲ್ಲರೆ ಇಟ್ಟು ದರ ಕೊಟ್ಟಿದ್ದರು. ನಡೇಸನ್ ತಕ್ಷಣ ಒಪ್ಪಿದರು. ಮೊದಲ ಕಂತು ಸರಿಹೋದರೆ ಇಡೀ ವರ್ಷದ ಆರ್ಡರ್ ನಮಗೇ ಎಂದು ಬರೆದರು. ಆದರೆ ಒಂದು ಷರತ್ತು: ಮಾಲಿನ ಜೊತೆಗೇ ಮೂಲ ಪ್ರಮಾಣಪತ್ರ ಬರಬೇಕು.

ಮೂಲ ಪ್ರಮಾಣಪತ್ರ ಅಂದರೆ, ಈ ಸರಕು ನಿಜವಾಗಿ ಭಾರತದಲ್ಲೇ ತಯಾರಾದದ್ದು ಎಂದು ಇಲ್ಲಿನ ತಪಾಸಣೆ ಅಧಿಕಾರಿಗಳು ಕೊಡುವ ಕಾಗದ. ಅದಿಲ್ಲದಿದ್ದರೆ ಅಲ್ಲಿ ಪೂರ್ತಿ ಸುಂಕ. ನಮ್ಮ ಅರ್ಜಿ ಒಂದೇ ವಾರದಲ್ಲಿ ವಾಪಸ್ ಬಂತು. ನಿಯಮದ ಪ್ರಕಾರ ಹೊರದೇಶದ ಕಚ್ಚಾ ಮಾಲಿನ ಬೆಲೆ, ಹಡಗಿಗೆ ಏರಿಸುವ ಹೊತ್ತಿನ ಸರಕಿನ ಬೆಲೆಯಲ್ಲಿ ನೂರಕ್ಕೆ ಅರವತ್ತೈದನ್ನು ಮೀರಬಾರದು. ಉಳಿದ ಮೂವತ್ತೈದಾದರೂ ಇಲ್ಲಿನದಾಗಿರಬೇಕು. ನಮ್ಮ ತಾಮ್ರ, ತವರದ ಗುಜರಿ ಪರದೇಶದಿಂದ ಚೆನ್ನೈ ಬಂದರಿಗೆ ಇಳಿದು, ಬೆಂಗಳೂರಿನ ವ್ಯಾಪಾರಿಯ ಮೂಲಕ ನಮಗೆ ಬರುತ್ತಿತ್ತು. ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಯಲ್ಲಿ ಹೇಳುತ್ತೇನೆ: ನೂರು ರೂಪಾಯಿಯ ಬೇರಿಂಗಿನಲ್ಲಿ ಎಪ್ಪತ್ತು ರೂಪಾಯಿ ಆ ಗುಜರಿಯದು.

ಸಾಹೇಬರ ತಮ್ಮ ಗೌಸ್ ಖರೀದಿ ನೋಡಿಕೊಳ್ಳುತ್ತಿದ್ದರು. ಅವರಿಗೆ ಇದು ಸಮಸ್ಯೆಯೇ ಅಲ್ಲ.

"ಬಿಲ್ಲು ಬೆಂಗ್ಳೂರಿಂದೈತಿ. ಬೆಂಗ್ಳೂರು ನಮ್ಮ ದೇಶದಾಗೈತೋ ಇಲ್ಲೋ?"

"ಐತ್ರಿ. ಗುಜರಿ ಮಾತ್ರ ಹಡಗಿನಾಗ ಬಂದೈತಿ. ಕೆಳಗ ಸಹಿ ಮಾಡಾಕಿ ನಾನು" ಎಂದೆ. ಇಂಥ ಕಾಗದಗಳಿಗೆ ಸಹಿ ಹಾಕುವ ಅಧಿಕಾರವನ್ನು ಸಾಹೇಬರು ನನಗೇ ಬರೆದುಕೊಟ್ಟಿದ್ದರು. ಗೌಸ್ ನಕ್ಕು, "ಡಿಗ್ರಿ ಮಾಡಿದೋರ ಸಂಗಾಟ ಇದಾ ತ್ರಾಸು" ಎಂದು ಹೊರಗೆ ಹೋದರು.

ನಮ್ಮೂರ ಮನೆಗಳ ಹಳೆಯ ಹಿತ್ತಾಳೆ ಪಾತ್ರೆ ಕರಗಿಸಿದರೆ ಎಂದು ಸಾಹೇಬರು ಕೇಳಿದರು. ಹಿತ್ತಾಳೆ ಬೇರೆ, ಕಂಚು ಬೇರೆ. ಮಿಶ್ರಣ ಬದಲಾದರೆ ಪರೀಕ್ಷೆಯಲ್ಲಿ ಬೀಳುತ್ತದೆ ಎಂದು ಅವರೇ ತಲೆಯಾಡಿಸಿದರು. ಹೊರಗೆ ಎರಕದ ಅಚ್ಚು ಕಟ್ಟುವ ಮೋಲ್ಡರ್‌ಗಳು ಮರಳು ಜರಡಿ ಹಿಡಿಯುತ್ತಿದ್ದರು. ನಾವು ಏನು ಮಾತಾಡುತ್ತಿದ್ದೇವೆಂದು ಅವರಿಗೆ ಗೊತ್ತೇ ಇತ್ತು.

ಅಷ್ಟರಲ್ಲಿ ಸಾಹೇಬರ ಹೆಂಡತಿ ಮಾಬೂಬಿ ಚಹಾ ತಂದರು. ಮನೆ ಶೆಡ್ಡಿಗೆ ಅಂಟಿಕೊಂಡೇ ಇತ್ತು. ಕಾಗದ ಯಾಕೆ ವಾಪಸ್ ಬಂತೆಂದು ಕೇಳಿದರು. ಹೊರದೇಶದ್ದು ಜಾಸ್ತಿ ಆಗೈತಂತ, ನಮ್ಮದು ಕಮ್ಮಿ ಬಿದ್ದೈತಂತ, ಎಂದೆ.

"ನಮ್ದು ಕಮ್ಮಿಯಾ? ತಿಂಗಳಾತು, ನಾನೂ ನೆಗೆಣ್ಯಾರೂ ಹಿತ್ತಲದಾಗ ಕುಂತು ಅರ ಹಿಡಿದು ಉಜ್ಜಾಕತ್ತೀವಿ. ಅದು ಯಾವ ದೇಶದ ಲೆಕ್ಕಕ್ಕ ಹೋತವ್ವಾ?"

ನೆಗೆಣ್ಯಾರು ಅಂದರೆ ಸಾಹೇಬರ ತಮ್ಮಂದಿರ ಹೆಂಡಂದಿರು. ಚೇಷ್ಟೆಗೆ ಅಂದ ಮಾತು. ಸಾಹೇಬರೂ ನಕ್ಕರು. ನಾನು ಮಾತ್ರ ಖರ್ಚಿನ ಪಟ್ಟಿ ತೆಗೆದು ನೋಡಿದೆ. ಎರಕದಿಂದ ಬಂದ ತುಂಡಿನ ಅಂಚು ಅರದಿಂದ ಉಜ್ಜಿ ನುಣುಪು ಮಾಡದಿದ್ದರೆ ಅದು ಮಾರುವ ಸರಕೇ ಅಲ್ಲ. ಆ ಕೆಲಸ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಕುಲುಮೆಯ ಮುಂದೆ ದಿನವಿಡೀ ನಿಲ್ಲುವ ಸಾಹೇಬರ ದುಡಿಮೆ ಇರಲಿಲ್ಲ, ಗೌಸ್ ಅವರದೂ ಇರಲಿಲ್ಲ. ಮನೆಯವರ ಕೆಲಸಕ್ಕೆ ಬೆಲೆ ಯಾರು ಹಾಕುತ್ತಾರೆ? ಗುಜರಿಗೆ ಪೂರ್ತಿ ಬೆಲೆ ಹಾಕಿ ನಮಗೆ ಸೊನ್ನೆ ಹಾಕಿಕೊಂಡಿದ್ದೆವು. ಕಾಯಿದೆ ಆ ಸೊನ್ನೆಯನ್ನು ನಂಬಿ, ನಿಮ್ಮದು ಸಾಲದು ಎಂದಿತ್ತು.

ಆ ದುಡಿಮೆಗೆ ಪೇಟೆಯ ಕೂಲಿ ಹಾಕಿ ಎಣಿಸಿದೆ. ನೂರಿದ್ದ ಬೆಲೆ ನೂರ ಹನ್ನೆರಡಾಯಿತು. ಗುಜರಿ ಅದೇ ಎಪ್ಪತ್ತು, ಆದರೆ ನೂರ ಹನ್ನೆರಡರಲ್ಲಿ ಎಪ್ಪತ್ತೆಂದರೆ ನೂರಕ್ಕೆ ಅರವತ್ತೆರಡೂವರೆ. ಮಿತಿಯೊಳಗೆ ಬಂತು. ಇನ್ನು ಕೊಳ್ಳುವವನ ಕಡೆ. ಸುಂಕ ನೂರಕ್ಕೆ ಇಪ್ಪತ್ತೆಂದು ಇಟ್ಟುಕೊಳ್ಳಿ. ಪ್ರಮಾಣಪತ್ರವಿಲ್ಲದೆ ನೂರಕ್ಕೆ ಕೊಂಡರೆ ಅವನಿಗೆ ಬೀಳುವುದು ನೂರ ಇಪ್ಪತ್ತು. ಪ್ರಮಾಣಪತ್ರವಿದ್ದು ಸುಂಕ ಹೋದರೆ ನೂರ ಹನ್ನೆರಡೇ. ನಾವು ಅಗ್ಗವಾಗಿ ಕೊಟ್ಟು ಅವನಿಗೆ ದುಬಾರಿ ಮಾಡುತ್ತಿದ್ದೆವು.

ಸಾಹೇಬರಿಗೆ ಲೆಕ್ಕ ಅರ್ಥವಾಯಿತು. ಮನಸ್ಸು ಒಪ್ಪಲಿಲ್ಲ.

"ಬೋಣಿಗಿ ಗಿರಾಕಿಗೆ ಹೇಳಿದ ರೇಟು ಏರಿಸೋದಾ? ನಮ್ಮಪ್ಪ ಹಂಗ ಒಂದಿನ ಮಾಡಿಲ್ಲ."

"ಏರಿಸೋದಲ್ರಿ. ಹಾಕದಾ ಬಿಟ್ಟದ್ದನ್ನ ಹಾಕೋದು."

ಸಾಹೇಬರು ಮಧ್ಯಾಹ್ನದ ನಮಾಜಿಗೆ ಎದ್ದು ಹೋದರು. ತಿರುಗಿ ಬಂದು ಫೋನಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. "ಹಚ್ಚು. ಮೊದ್ಲು ಮಾಫಿ ಕೇಳು. ಆಮ್ಯಾಲ ರೇಟು ಹೇಳು."

ಪರದೇಶಕ್ಕೆ ನಾನು ಮಾಡಿದ ಮೊದಲ ಫೋನು ಅದು. ಇಂಗ್ಲಿಷ್ ವಾಕ್ಯಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಕನ್ನಡ ಮೀಡಿಯಂನವಳ ಇಂಗ್ಲಿಷು, ತಪ್ಪಿರಬಹುದು, ಆದರೆ ನಡುಗಲಿಲ್ಲ. ನಮ್ಮ ಖರ್ಚಿನ ಲೆಕ್ಕ ತಪ್ಪಿತ್ತು, ಕ್ಷಮಿಸಿ ಎಂದು ಶುರು ಮಾಡಿ, ದರ ನೂರಕ್ಕೆ ಹನ್ನೆರಡು ಏರುತ್ತದೆ ಎಂದೆ. ನಡೇಸನ್ ಐದು ಕೊಡುತ್ತೇನೆ ಎಂದರು. ಕಿವಿಗೊಟ್ಟು ಕೂತಿದ್ದ ಸಾಹೇಬರು ಸಂತೋಷದಿಂದ, ಹೂಂ ಅನ್ನು ಹೂಂ ಅನ್ನು ಎಂದು ಕೈಸನ್ನೆ ಮಾಡತೊಡಗಿದರು. ನಾನು ಬೇಡವೆಂದು ತಲೆಯಾಡಿಸಿದೆ. ನೂರ ಐದರಲ್ಲಿ ಎಪ್ಪತ್ತೆಂದರೆ ನೂರಕ್ಕೆ ಅರವತ್ತಾರು ದಾಟುತ್ತದೆ. ಐದಕ್ಕೆ ಒಪ್ಪಿದರೆ ಪ್ರಮಾಣಪತ್ರವೂ ಇಲ್ಲ, ವರ್ಷದ ಆರ್ಡರೂ ಇಲ್ಲ. ಅದನ್ನೇ ನಡೇಸನ್‌ಗೆ ಬಿಡಿಸಿ ಹೇಳಿದೆ: ಐದು ಕೊಟ್ಟರೆ ಆ ಐದೂ ನಿಮಗೆ ನಷ್ಟ, ಮೇಲೆ ಸುಂಕ ಬೇರೆ. ಅವರು ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿದರು. ಹತ್ತು ಮಾಡಿ, ಪ್ರಮಾಣಪತ್ರ ಮಾತ್ರ ತಪ್ಪಬಾರದು ಎಂದರು. ನೂರ ಹತ್ತಕ್ಕೆ ಅರವತ್ತನಾಲ್ಕರೊಳಗೆ ನಿಲ್ಲುತ್ತಿತ್ತು. ಒಪ್ಪಿದೆ. ಫೋನಿಟ್ಟಾಗ ಸಾಹೇಬರು ಹಣೆ ಒರೆಸಿಕೊಂಡು, "ಲೇ ಗೌಸ್, ಈ ಹುಡುಗಿ ನನ್ನ ಜೀವ ತೆಗೀತಿದ್ಲು" ಎಂದು ಕೂಗಿ ಹೇಳಿದರು.

ಹೊಸ ಅರ್ಜಿ ನೋಡಿ ತಪಾಸಣೆ ಅಧಿಕಾರಿ ಕೊಟ್ಟೂರಿಗೇ ಬಂದರು. ಎರಕ ಹೊಯ್ಯುವುದನ್ನು, ಹಿತ್ತಿಲಲ್ಲಿ ಉಜ್ಜುವುದನ್ನು ನಿಂತು ನೋಡಿದರು. ಪಟ್ಟಿಯಲ್ಲಿ ಮೂವರು ಹೆಂಗಸರ ಕೂಲಿ ಬರೆದಿದ್ದೀರಿ, ಕೊಡುತ್ತೀರೋ ಅಥವಾ ಬರೀ ಬರೆದಿದ್ದೀರೋ ಎಂದು ಕೇಳಿದರು. ಸಾಹೇಬರು ನನ್ನ ಮುಖ ನೋಡಿದರು. ಈ ಶನಿವಾರದಿಂದ ಕೊಡುತ್ತೇವೆ, ಸಾರ್, ಎಂದು ನಾನೇ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೋ ಏನೋ, ಮುಂದಿನ ಅರ್ಜಿಯ ಜೊತೆ ಬಟವಾಡೆಯ ದಾಖಲೆ ಇರಲಿ ಎಂದಷ್ಟೇ ಹೇಳಿ ಹೋದರು. ಪ್ರಮಾಣಪತ್ರ ಬಂತು, ಮಾಲು ಹಡಗು ಹತ್ತಿತು, ವರ್ಷದ ಆರ್ಡರೂ ಬಂತು. ಶೇಂಗಾ ಗೋದಾಮಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಧಿಕಾರಿಗೆ ಮಾತು ಕೊಟ್ಟ ಆ ಶನಿವಾರ ಸಂಜೆ ನಾನು ಬಟವಾಡೆ ಮಾಡುತ್ತಿದ್ದೆ. ಮೋಲ್ಡರ್‌ಗಳ ಸಾಲಿನ ಹಿಂದೆ ಮಾಬೂಬಿ, ಅವರ ಹಿಂದೆ ಇಬ್ಬರು ನೆಗೆಣ್ಣಿಯರು ಬಂದು ನಿಂತರು. ಹಿತ್ತಿಲ ಬಾಗಿಲಿಂದಲ್ಲ, ಕಾರ್ಖಾನೆಯ ದೊಡ್ಡ ಬಾಗಿಲಿಂದ ಬಂದಿದ್ದರು. ಸಾಹೇಬರಿಗೆ ಕೆಲಸಗಾರರೆದುರು ಮುಜುಗರವಾಯಿತು. ಮನೆಯಲ್ಲಿ ಕೊಡುತ್ತೇನೆ, ನಡಿ ಎಂದು ಮೆಲ್ಲಗೆ ಹೇಳಿದರು.

"ಮನ್ಯಾಗ ಕೊಟ್ರ ಸಂಸಾರಕ್ಕ ಕೊಟ್ಟಂಗ್ರಿ. ಇಲ್ಲಿ ಕೊಟ್ರ ಕೂಲಿ" ಎಂದರು ಮಾಬೂಬಿ. ಸಾಲಿನಲ್ಲಿದ್ದವರು ನಗು ತಡೆದುಕೊಂಡು ಅವರಿಗೆ ಮುಂದೆ ಜಾಗ ಬಿಟ್ಟರು. ಅವರು ಮುಂದೆ ಹೋಗಲಿಲ್ಲ. ತಮ್ಮ ಸರದಿ ಬರುವವರೆಗೆ ನಿಂತು, ಉರ್ದುವಿನಲ್ಲಿ ಸಹಿ ಹಾಕಿ, ದುಡ್ಡು ಎಣಿಸಿಕೊಂಡು ಹೋದರು.

ಆಮೇಲೆ ನಾನು ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಎಷ್ಟೋ ಸಣ್ಣ ಉದ್ದಿಮೆಗಳಿಗೆ ರಫ್ತಿನ ಕಾಗದ ಮಾಡಿಕೊಟ್ಟಿದ್ದೇನೆ. ಒಪ್ಪಂದಗಳನ್ನು ದೊಡ್ಡವರು ದೆಹಲಿಯಲ್ಲಿ ಕೂತು ಮಾಡುತ್ತಾರೆ. ಅದರ ಫಲ ನಮ್ಮ ಅಂಗಳಕ್ಕೆ ಬರಬೇಕಾದರೆ, ಸರಕಿನಲ್ಲಿ ನಮ್ಮದೆಷ್ಟು ಎಂದು ಮೊದಲು ನಾವೇ ಸರಿಯಾಗಿ ಎಣಿಸಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದಕ್ಕೇ ಯಾರು ಬಂದರೂ, ಗುಜರಿ ಎಲ್ಲಿಂದ ತಂದಿರಿ ಎಂದು ಕೇಳುವುದಕ್ಕೂ ಮೊದಲು, ಇದರಲ್ಲಿ ಯಾರ ಕೂಲಿ ಬರೆದಿಲ್ಲ ಹೇಳಿ ಎಂದು ಕೇಳುತ್ತೇನೆ. ಎಲ್ಲಾ ಬರೆದೀವಿ ಮೇಡಂ ಎನ್ನುತ್ತಾರೆ. ಹಾಗೆನ್ನುತ್ತಲೇ ಒಂದು ಸಲ ಒಳಮನೆಯ ಕಡೆ ತಿರುಗಿ ನೋಡುತ್ತಾರೆ.