ಪದರಣ್ಣನ ಮೂರು ಪದರ

ದೋಣಿ ಕಟ್ಟುವ ಶೆಡ್ಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಪದರಣ್ಣ. ಅಚ್ಚಿನೊಳಗೆ ಗಾಜಿನ ನಾರಿನ ಬಟ್ಟೆ ಹಾಸಿ, ಗಟ್ಟಿಯಾಗುವ ಅಂಟು ರೆಸಿನ್ ಸವರಿ, ರೋಲರ್ ಎಳೆದು ಗುಳ್ಳೆ ಒಡೆದು, ಪದರದ ಮೇಲೆ ಪದರ ಕೂರಿಸಿ ದೋಣಿಗೆ ಒಡಲು ಕೊಡುವುದು ಅವನ ಕೆಲಸ. ನಕ್ಷೆಯಲ್ಲಿ ಎಷ್ಟೇ ಪದರ ಇರಲಿ, "ಇರ್ಲಿ, ಇನ್ನೊಂದು" ಅನ್ನದೆ ಅವನ ಕೈ ನಿಲ್ಲುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ. ಬಾಗಿಲಿಗೆ ಎರಡು ಬೀಗ, ಮೈಗೆ ಎರಡು ಬನಿಯನ್. "ಮದುವೆನೂ ಎರಡು ಸಲ ಆಗೋಣ ಅಂದಿದ್ರು, ನಾನೇ ಬೇಡ ಅಂದೆ" ಎಂದು ಹೆಂಡತಿ ನಗುತ್ತಿದ್ದಳು.

ಇದು ಹುಟ್ಟುಗುಣವಲ್ಲ. ಹುಡುಗನಾಗಿದ್ದಾಗ ತಾನೇ ಮಾಡಿದ ಮೊದಲ ಪುಟ್ಟ ದೋಣಿಯಲ್ಲಿ ತಂಗಿಯನ್ನು ಕೂರಿಸಿಕೊಂಡು ಹೋಗಿದ್ದ. ಅವಳು ಮುಂತುದಿಗೆ ಹೋಗಿ ನಿಂತದ್ದೇ ತಡ, ಕಾಲ ಕೆಳಗಿನ ತೆಳು ಹೊದಿಕೆ ಬಿರಿದು ಕಾಲು ತೊಡೆಯವರೆಗೆ ಒಳಗೆ ಸಿಕ್ಕಿಕೊಂಡಿತು. ಗಾಯ ಮಾಯಿತು, ತಂಗಿ ಮರೆತಳು. ಅವನು ಮರೆಯಲಿಲ್ಲ.

ಅದೇ ತಂಗಿ ದೋಣಿ ವಿನ್ಯಾಸ ಓದಿ ಬಂದು ತನ್ನದೇ ಹಾಯಿದೋಣಿಯ ನಕ್ಷೆ ಬರೆದಳು. ಗಂಡನ ಜೊತೆ ಅದರಲ್ಲೇ ಸಂಸಾರ ಹೂಡಿ ಕಡಲು ದಾಟಬೇಕೆಂಬುದು ಅವಳ ಆಸೆ. ಅಡಿಯಲ್ಲಿ ಸೀಸದ ಭಾರ, ಮೇಲೆ ಓಡಾಡಲು ಹಗುರವಾದ ಡೆಕ್ಕು. ಅಲೆ ದೋಣಿಯನ್ನು ಮಗ್ಗುಲಿಗೆ ಕೆಡವಿದರೂ ಆ ಸೀಸವೇ ಅದನ್ನು ಎಬ್ಬಿಸಿ ನಿಲ್ಲಿಸಬೇಕು. ಮೇಲೆ ಭಾರ ಕೂತರೆ ಬಿದ್ದದ್ದು ಏಳುವುದಿಲ್ಲ. ಅದಕ್ಕೇ ಡೆಕ್ಕಿನ ನಡುವೆ ಗಟ್ಟಿ ಫೋಮಿನ ಹಲಗೆ, ಮೇಲೆ ಕೆಳಗೆ ಮಾತ್ರ ತೆಳು ಗಾಜು.

"ಇದೇನೇ ಪುಟ್ಟಿ, ಕ್ರೀಮ್ ಬಿಸ್ಕತ್ತು ಮಾಡಿದೀಯ?"

"ಆ ಬಿಸ್ಕತ್ತಿನ ಮೇಲೆ ನೀನು ಕುಣಿದರೂ ಏನೂ ಆಗಲ್ಲ ಅಣ್ಣಾ."

"ನಾನು ಕುಣಿಯೋ ಮಾತಲ್ಲ. ನಡುಕಡಲಲ್ಲಿ ನೀನು ಓಡಾಡ್ಬೇಕು."

ಅವಳಿಗೆ ಅಣ್ಣ ಗೊತ್ತಿದ್ದ. ಡೆಕ್ಕಿನ ಒಳಬದಿಗೆ ಕೊನೆಯ ಬಟ್ಟೆ ಹಾಸಿದ ದಿನ, ರೆಸಿನ್ ಸವರುವ ಮೊದಲು ಅದರ ಮೇಲೆ ಪೆನ್ಸಿಲಿನಲ್ಲಿ ದೊಡ್ಡದಾಗಿ 'ಸಾಕು' ಎಂದು ಬರೆದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಮರುವಾರ ಅವಳು ಸೀಸದ ಎರಕ ನೋಡಲು ಊರಾಚೆ ಹೋದಾಗ, ಪದರಣ್ಣ ಒಬ್ಬನೇ ಕೂತು ಆ ಅಕ್ಷರದ ಮೇಲೆ ಮೂರು ಪದರ ಎಳೆದು, ಬಿಳಿ ಬಣ್ಣ ಬಳಿದು ಮುಗಿಸಿದ.

ದೋಣಿ ನೀರಿಗಿಳಿದ ಬೆಳಿಗ್ಗೆ ತಂಗಿ ಬಗ್ಗಿ ನೋಡಿದಳು. ನೀರಿನ ಮಟ್ಟಕ್ಕೆಂದು ಒಡಲ ಸುತ್ತ ಎಳೆದಿದ್ದ ನೀಲಿ ಗೆರೆ ಮುಳುಗಿಹೋಗಿತ್ತು.

"ಪೇಂಟರ್ ಗೆರೆ ಕೆಳಗೆ ಎಳೆದಿರ್ಬೇಕು," ಎಂದ ಪದರಣ್ಣ.

"ಬಳೀರಿ, ಎಲ್ಲಾನೂ ಪೇಂಟರ್ ಮುಖಕ್ಕೇ ಬಳೀರಿ. ಅಕ್ಕ ಗುರುತು ಹಾಕಿಕೊಟ್ಟ ಜಾಗದಲ್ಲೇ ಎಳೆದಿದೀನಿ," ಎಂದು ಪಕ್ಕದಲ್ಲೇ ಇದ್ದ ಪೇಂಟರ್ ಸಿಡುಕಿದ.

ತಂಗಿ ಇಬ್ಬರನ್ನೂ ನೋಡಿದಳು. "ಇರ್ಲಿ, ಮಗ್ಗುಲಿಗೆ ಕೆಡವಿ ನೋಡೋಣ, ಏಳುತ್ತಾ ಅಂತ. ನಾನು ಒಳಗಿರ್ತೀನಿ, ನೀರು ಎಲ್ಲಿಂದ ಜಿನುಗುತ್ತೆ ತಿಳೀಬೇಕು."

"ಖಾಲಿ ದೋಣಿ ಕೆಡವಿದ್ರೆ ಸಾಲ್ದಾ?" ಎಂದ ಪದರಣ್ಣ.

"ಕಡಲಲ್ಲಿ ಖಾಲಿ ಇರುತ್ತಾ?"

ಅವಳು ಒಳಗಿಳಿದು ಡೆಕ್ಕಿನ ಕಂಡಿಯ ಮುಚ್ಚಳ ಎಳೆದುಕೊಂಡಳು. ಹಾಯಿಕಂಬದ ತುದಿಗೆ ಕಟ್ಟಿದ ಹಗ್ಗ ಎದುರು ದಡದ ರಾಟೆಗೆ ಹೋಗಿತ್ತು. ಅಲ್ಲಿ ಅವಳ ಗಂಡ ಹಿಡಿಕೆ ತಿರುಗಿಸತೊಡಗಿದ. ಹಗ್ಗ ಬಿಗಿಯಿತು. ಕಂಬ ಮೆಲ್ಲಗೆ ನೀರಿನ ಕಡೆ ಬಾಗಿತು. ಒಳಗೆ ಏನೋ ಉರುಳಿ ಬಿದ್ದ ಸದ್ದು. ಆ ಬಿಳಿ ಬಣ್ಣದ ಹಿಂದೆ ಏನಿದೆ ಎಂದು ಬಲ್ಲವನು ಪದರಣ್ಣನೊಬ್ಬನೇ.

"ನಿಲ್ಸಿ ಭಾವ," ಎಂದು ಕೈಯೆತ್ತಿದ. ಮೊಣಕಾಲೂರಿ ಬಗ್ಗಿ ಒಡಲನ್ನು ತಟ್ಟಿದ. "ಪುಟ್ಟಿ, ಹೊರಗೆ ಬಾ."

ಮುಚ್ಚಳ ಸರಿಯಿತು.

"ಡೆಕ್ಕಿಗೆ ಮೂರು ಪದರ ಜಾಸ್ತಿ ಹಾಕಿದೀನಿ."

ಅವಳು ತಿರುಗಿ ಒಳಗಿನ ಬಿಳಿ ಚಾವಣಿ ನೋಡಿದಳು. "ಸಾಕು ಅಂತ ಬರೆದಿದ್ನಲ್ಲ."

"ಅದರ ಮೇಲೇ ಹಾಕಿದೆ."

ಅವಳು ದಡಕ್ಕೆ ಬಂದು, ಅವನನ್ನು ದಾಟಿ ನಿಂತು, ಗಂಡನಿಗೆ ಸನ್ನೆ ಮಾಡಿದಳು. ಖಾಲಿ ದೋಣಿ ಮಲಗಿತು. ಕಂಬದ ತುದಿ ನೀರೊಳಗೆ ಹೋಯಿತು. ಹಗ್ಗ ಬಿಟ್ಟರು.

ದೋಣಿ ಏಳಲಿಲ್ಲ.

ನಿದ್ದೆ ಹತ್ತಿದ ದೊಡ್ಡ ಪ್ರಾಣಿಯಂತೆ ಮಗ್ಗುಲಾಗಿ ಬಿದ್ದೇ ಇತ್ತು. ಮುಚ್ಚಳದ ಅರ್ಧದವರೆಗೆ ನೀರು ಬಂದು ನಿಂತಿತ್ತು. ಪದರಣ್ಣ ಆ ಮುಚ್ಚಳವನ್ನೇ ನೋಡುತ್ತಾ ನಿಂತ. ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಕ್ರೇನ್ ತಂದು ದೋಣಿಯನ್ನು ಎತ್ತಿಸಿದರು. "ಆ ಪದರ ನಾನೇ ತೆಗೀತೀನಿ" ಎಂದಷ್ಟೇ ಹೇಳಿ ಪದರಣ್ಣ ಉಜ್ಜುವ ಮಿಷನ್ ಹಿಡಿದು ಒಳಗೆ ಹೋದ. ತಲೆಯ ಮೇಲಿನ ಚಾವಣಿಗೆ ಕೈ ಎತ್ತಿ ಉಜ್ಜುವ ಕೆಲಸ. ಗಾಜಿನ ಪುಡಿ ಕತ್ತಿಗೆ, ಕಂಕುಳಿಗೆ ಇಳಿಯಿತು. ಮನೆಯಲ್ಲಿ ಹೆಂಡತಿ ಕೆಂಪಗೆ ದದ್ದೆದ್ದ ಬೆನ್ನಿಗೆ ಎಣ್ಣೆ ಹಚ್ಚುತ್ತಾ, "ಇವತ್ತು ಒಂದೇ ಬನಿಯನ್ ಹಾಕ್ಕೊಳ್ಳಿ, ಉರಿ ಕಡಿಮೆ ಆಗುತ್ತೆ" ಎಂದಳು. ಹಾಕಿಕೊಂಡ. ಕೊನೆಗೊಂದು ಮಧ್ಯಾಹ್ನ ರೆಸಿನ್ನಿನೊಳಗೆ ಮಸುಕಾಗಿ ಒಂದು ಗೀಟು ಕಂಡಿತು, ಆಮೇಲೆ ಒಂದು ಕೊಂಬು, ಆಮೇಲೆ ಇಡೀ ಪದ. ಅವನು ಮಿಷನ್ ಆರಿಸಿದ. ಉಜ್ಜಿದಲ್ಲಿ ಇನ್ನೂ ಒರಟಾಗಿತ್ತು, ಒಂದು ಪದರ ಎಳೆದರೆ ನುಣುಪಾದೀತು ಎಂದು ಕೈ ತುರಿಸಿತು. ಕೆಳಗಿಳಿದು ಬಂದ.

ಎರಡನೆಯ ಸಲ ತಂಗಿ ಒಳಗೆ ಇಳಿಯುವಾಗ, "ನಾನೂ ಬರ್ಲಾ?" ಎಂದ.

"ನೀನು ಬಂದ್ರೆ ಇನ್ನೊಂದು ಪದರ ಆಗುತ್ತೆ. ಹಗ್ಗ ನೋಡ್ಕೋ."

ಈ ಬಾರಿ ಹಗ್ಗ ಕಟ್ಟಿದವನು ಅವನು. ಥಟ್ಟನೆ ಬಿಚ್ಚಿಕೊಳ್ಳುವಂತೆ ಒಂದೇ ಗಂಟು, ದಡದಿಂದ ಎಳೆಯಲು ಅದಕ್ಕೊಂದು ಉದ್ದ ಬಾಲ. ಬೆರಳು ಎರಡನೆಯದಕ್ಕೆ ಹೋಗಿ ತಾನಾಗಿ ಹಿಂದೆ ಬಂತು. ಕಂಬ ಬಾಗಿತು, ಮಲಗಿತು, ತುದಿ ಮುಳುಗಿತು. ಅವನು ಗಂಟು ಎಳೆದ.

ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ನೀರಿನಡಿಯಿಂದ ಯಾರೋ ಭುಜ ಕೊಟ್ಟಂತೆ ದೋಣಿ ಎದ್ದಿತು, ನೀರು ಸುರಿಸುತ್ತಾ ಆ ಬದಿಗೆ ಓಲಿತು, ಈ ಬದಿಗೆ ಓಲಿ ನಿಂತಿತು. ನೀಲಿ ಗೆರೆ ಪೂರ್ತಿ ಮೇಲಿತ್ತು.

"ನೋಡ್ಕೊಳ್ಳಿ," ಎಂದ ಪೇಂಟರ್, ಯಾರಿಗೆ ಅಂತಿಲ್ಲದೆ.

ಮುಚ್ಚಳ ಸರಿಸಿ ತಂಗಿ ತಲೆ ಹೊರಗೆ ಹಾಕಿದಳು. ಹಣೆಯ ಮೇಲೊಂದು ಬುಗುಟು. "ಅಣ್ಣಾ, ಮೇಲೆ ಬಾ. ಕುಣಿ ಅಂದಿದ್ನಲ್ಲ."

ಅವನು ಚಪ್ಪಲಿ ಕಳಚಿದ. ಒಂದು ಪಾದ ಇಟ್ಟ, ಭಾರ ಹಾಕಿದ. ಇನ್ನೊಂದು ಪಾದ ಇಟ್ಟ. ಕುಣಿಯಲಿಲ್ಲ. ಹಿಡಿಕೆಯನ್ನೂ ಹಿಡಿಯದೆ ಆ ತೆಳು ಡೆಕ್ಕಿನ ಮೇಲೆ ನಡೆಯುತ್ತಾ, ಅಂದು ಅವಳ ಕಾಲು ಸಿಕ್ಕಿಕೊಂಡಿದ್ದಂಥ ಮುಂತುದಿಗೆ ಹೋಗಿ, ಅಲ್ಲೇ ನಿಂತುಕೊಂಡ.